ಸನ್ಮಾನ ಸಮಿತಿಗೆ, ತಲೆಯ ಪರವಾಗಿ

ನಾಡಿನ ಉದ್ದಗಲಕ್ಕೂ ಹಬ್ಬಿರುವ ಸಮಸ್ತ ಸನ್ಮಾನ ಸಮಿತಿಗಳ ಗೌರವಾಧ್ಯಕ್ಷರು, ಕಾರ್ಯಾಧ್ಯಕ್ಷರು, ಸಂಚಾಲಕರು ಹಾಗೂ ವೇದಿಕೆ ಹತ್ತುವ ಹಕ್ಕುಳ್ಳ ಸರ್ವ ಸದಸ್ಯರಿಗೆ ಅನಂತ ನಮಸ್ಕಾರಗಳು.

ಮಾನ್ಯರೇ,

ಮುಂದಿನ ತಿಂಗಳು ನಮ್ಮ ತಾಲ್ಲೂಕು ಕೇಂದ್ರದಲ್ಲಿ ನಡೆಯಲಿರುವ ಸಮಾರಂಭದಲ್ಲಿ ನನ್ನನ್ನೂ ಸನ್ಮಾನಿಸುವುದಾಗಿ ತಮ್ಮ ಪೈಕಿ ಒಂದು ಸಮಿತಿ ತಿಳಿಸಿದೆ. ಯಾವ ಸಾಧನೆಗೆ ಎಂಬುದು ಆಮಂತ್ರಣ ಪತ್ರಿಕೆಯಲ್ಲಿಲ್ಲ. ಜಾಗವೆಲ್ಲ ಘನ ಉಪಸ್ಥಿತಿಗೇ ಖರ್ಚಾಗಿದೆ. ಆದರೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಫಲತಾಂಬೂಲ ಕೊಟ್ಟು ಗೌರವಿಸಲಾಗುವುದೆಂಬುದು ಮಾತ್ರ ದಪ್ಪಕ್ಷರದಲ್ಲಿ ಅಚ್ಚಾಗಿದೆ. ಶಾಲಿನ ಬಗ್ಗೆ ನನ್ನ ತಕರಾರಿಲ್ಲ. ಹಣ್ಣಿನ ಬುಟ್ಟಿಯಲ್ಲಿ ಮೇಲೆರಡು ಸೇಬು, ಕೆಳಗೆಲ್ಲ ಕಾಗದ ಎಂಬುದೂ ಹಳೆಯ ಮಾತು, ಅದಕ್ಕೂ ಒಗ್ಗಿಕೊಂಡಿದ್ದೇವೆ. ಪೇಟದ ಬಗ್ಗೆ ಮಾತ್ರ ನಾಲ್ಕು ಮಾತು ಅರಿಕೆ ಮಾಡಿಕೊಳ್ಳಬೇಕಾಗಿದೆ. ಬಹಿರಂಗವಾಗಿ ಏಕೆ ಬರೆಯುತ್ತಿದ್ದೇನೆಂದರೆ, ಗುಟ್ಟಾಗಿ ಬರೆದರೆ ಪಟ್ಟಿಯಿಂದ ನನ್ನ ಹೆಸರು ಹೊಡೆದುಹಾಕುವುದು ನಿಮಗೆ ಸಲೀಸು. ಹೀಗಾದರೆ ಸ್ವಲ್ಪ ಮುಜುಗರವಾದರೂ ಆದೀತು.

ಮೊದಲಿಗೆ ಅಭಿನಂದನೆ. ಒಡೆಯರ ಕಾಲದಲ್ಲಿ ಆಗದ ಕೆಲಸ ತಮ್ಮಿಂದ ಆಗಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ದಸರಾ ದರ್ಬಾರಿಗೆ ಹೋಗಬೇಕಾದವನು ಕತ್ತಿನವರೆಗೆ ಗುಂಡಿ ಹಾಕಿದ ಉದ್ದನೆಯ ಕರಿಕೋಟು ತೊಟ್ಟು, ತಲೆಗೆ ಜರಿಯಂಚಿನ ಪೇಟ ಕಟ್ಟಿ ಬರಬೇಕಿತ್ತು. ಬರಿದಲೆಯಲ್ಲಿ ದೊರೆಯ ಮುಂದೆ ನಿಂತರೆ ಅಮರ್ಯಾದೆ. ಪೇಟ ಇದ್ದವನಿಗೆ ಅರಮನೆಯ ಒಳಗೆ ಜಾಗ, ಇಲ್ಲದವನಿಗೆ ಬೀದಿಯ ಬದಿಯಲ್ಲಿ ಜಂಬೂಸವಾರಿ. ತಮ್ಮ ಆಡಳಿತದಲ್ಲಿ ಈ ಲೆಕ್ಕ ತಿರುಗುಮುರುಗಾಗಿದೆ. ತಲೆಯೊಂದು ತಂದರೆ ಸಾಕು, ಪೇಟ ತಾವೇ ತೊಡಿಸಿ ಕಳಿಸುತ್ತೀರಿ. ವಯೋನಿವೃತ್ತರಾದ ತಹಸೀಲ್ದಾರರು, ವರ್ಗವಾಗಿ ಬಂದ ತಹಸೀಲ್ದಾರರು, ಅವರಿಬ್ಬರನ್ನೂ ಪರಿಚಯಿಸಿದ ನಿರೂಪಕರು, ಶಾಮಿಯಾನ ಕೊಟ್ಟವರು, ಹಾಲಿನ ಡೇರಿಗೆ ಅವಿರೋಧ ಆಯ್ಕೆಯಾದವರು, ಒಂದು ಸಿನಿಮಾದಲ್ಲಿ ನಾಯಕನ ಗೆಳೆಯನಾಗಿ ಎರಡು ಸಲ ಬಂದುಹೋದವರು, ಯಾರನ್ನೂ ತಾವು ಬಿಟ್ಟಿಲ್ಲ. ಪೇಟಕ್ಕೆ ಇಷ್ಟು ದೊಡ್ಡ ಪ್ರಜಾಪ್ರಭುತ್ವ ಸಿಕ್ಕೀತೆಂದು ಮಹಾರಾಜರು ಕನಸಿನಲ್ಲೂ ಎಣಿಸಿರಲಾರರು.

ಹಳೇ ಮೈಸೂರಿನಲ್ಲಿ ಪೇಟ ಎಂದರೆ ಹುದ್ದೆ, ವಿದ್ಯೆ, ಸಂಬಳ, ಮೂರೂ ಸೇರಿದ ಗುರುತು. ಪೇಟವಿಲ್ಲದ ವಿಶ್ವೇಶ್ವರಯ್ಯನವರನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ ನೋಡೋಣ. ಬರುವುದಿಲ್ಲ. 1912ರಿಂದ 1918ರವರೆಗೆ ದಿವಾನರಾಗಿದ್ದಾಗಿನ ಮುಖವಿರಲಿ, 1955ರಲ್ಲಿ ಭಾರತರತ್ನ ಬಂದಾಗಿನ ತೊಂಬತ್ತು ದಾಟಿದ ಮುಖವಿರಲಿ, ಮೇಲೆ ಪೇಟ ಇದ್ದೇ ಇದೆ. ಪ್ರತಿ ಸೆಪ್ಟೆಂಬರ್ 15ರಂದು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ನಾವು ಹಾರ ಹಾಕುವ ಪ್ರತಿಮೆಗಳಲ್ಲಿ ಎಷ್ಟೋ ಕಡೆ ಮೂಗು ಹೋಲುವುದಿಲ್ಲ, ಕಣ್ಣು ಹೋಲುವುದಿಲ್ಲ. ಪೇಟವನ್ನು ನೋಡಿ ಇವರೇ ಎಂದು ಕೈ ಮುಗಿಯುತ್ತೇವೆ. ಶಿಲ್ಪಿಗಳೂ ಅರ್ಧ ಕೆಲಸ ಪೇಟಕ್ಕೇ ಬಿಟ್ಟಿರುತ್ತಾರೆ. ನನಗೆ ತಿಳಿದಮಟ್ಟಿಗೆ ಆ ಪೇಟವನ್ನು ಯಾವ ಸಮಿತಿಯೂ ಅವರಿಗೆ ತೊಡಿಸಿದ್ದಲ್ಲ.

ಬೆಂಗಳೂರಿನಲ್ಲೇ ನೆಲೆಸಿದ್ದ ಸರ್ ಸಿ.ವಿ. ರಾಮನ್ ಅವರದೂ ಹಾಗೇ, ರುಮಾಲು ಮತ್ತು ತಲೆ ಒಂದೇ. ಜನರ ಹೊಗಳಿಕೆಗೆ ತಲೆ ಊದಿಕೊಳ್ಳದಿರಲೆಂದು ರುಮಾಲು ಬಿಗಿಯುತ್ತೇನೆಂದು ಅವರು ತಮಾಷೆ ಮಾಡುತ್ತಿದ್ದರೆಂಬ ಕತೆಯೊಂದು ಚಾಲ್ತಿಯಲ್ಲಿದೆ. ಆ ಲೆಕ್ಕದಲ್ಲಿ ತಮ್ಮ ಕಾರ್ಯಕ್ರಮದ ಕ್ರಮ ತೀರಾ ಅವೈಜ್ಞಾನಿಕ. ಅಭಿನಂದನಾ ನುಡಿ ಮುಗಿದ ಮೇಲೆ ಪೇಟ ತರುತ್ತೀರಿ. ಅಷ್ಟರಲ್ಲಿ ತಲೆ ಊದಿಯಾಗಿರುತ್ತದೆ, ಪೇಟ ಹಿಡಿಸುವುದಿಲ್ಲ.

ಹಿಡಿಸದಿರುವುದಕ್ಕೆ ಇನ್ನೂ ಒಂದು ಕಾರಣವುಂಟು. ಹಿಂದೆ ಪೇಟವೆಂದರೆ ಉದ್ದನೆಯ ಬಟ್ಟೆ. ಅದನ್ನು ತಲೆಯ ಅಳತೆಗೆ ಸುತ್ತುತ್ತಿದ್ದರು. ತಾವು ತರಿಸುವುದು ರೆಡಿಮೇಡ್ ಮಾಲು. ಒಮ್ಮೆ ಅದನ್ನು ತಿರುಗಿಸಿ ಒಳಗೆ ನೋಡಿದ್ದೀರಾ? ಒಳಗೆ ರಟ್ಟು, ರಟ್ಟಿನ ಮೇಲೆ ಮಿರುಗುವ ಬಟ್ಟೆ, ಅಂಚಿಗೆ ಚಿನ್ನದ ಬಣ್ಣದ ಲೇಸು, ಹಣೆಯ ನಡುವೆ ಪ್ಲಾಸ್ಟಿಕ್ಕಿನ ಗಂಡಭೇರುಂಡ. ಮಡಿಕೆಗಳನ್ನು ಅಂಟು ಹಾಕಿ ಕೂರಿಸಿರುತ್ತಾರೆ. ಬಿಚ್ಚಲು ಹೊರಟರೆ ಬಟ್ಟೆ ಸಿಗುವುದಿಲ್ಲ, ಚಿಂದಿ ಸಿಗುತ್ತದೆ. ಅಳತೆ ಎಲ್ಲರಿಗೂ ಒಂದೇ. ಸಣ್ಣ ತಲೆಯವರಿಗೆ ಹುಬ್ಬಿನವರೆಗೆ ಇಳಿದು ಕನ್ನಡಕದ ಮೇಲೆ ಕೂರುತ್ತದೆ. ದೊಡ್ಡ ತಲೆಯವರಿಗೆ ನೆತ್ತಿಯಲ್ಲಿ ಅಲ್ಲಾಡುತ್ತ ನಿಲ್ಲುತ್ತದೆ, ಅವರು ಫೋಟೊ ಮುಗಿಯುವವರೆಗೆ ಉಸಿರು ಬಿಗಿಹಿಡಿದು ಕತ್ತು ನೆಟ್ಟಗಿಟ್ಟುಕೊಳ್ಳಬೇಕು. ಕೆಳಗೆ ಕೂತವರು ಅದನ್ನೇ ಗಾಂಭೀರ್ಯ ಎಂದುಕೊಳ್ಳುತ್ತಾರೆ.

ವಿಜಯಪುರ, ಬಾಗಲಕೋಟೆ ಕಡೆಯ ಹಿರಿಯರ ಪಟಗಾ ನೋಡಿ. ಅದು ಮೊದಲು ಬಟ್ಟೆ, ಆಮೇಲೆ ಮರ್ಯಾದೆ. ಬೆಳಿಗ್ಗೆ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ತಲೆಯನ್ನು ಒಂದಿಷ್ಟು ವಾಲಿಸಿ, ಕನ್ನಡಿಯ ಗೊಡವೆಯಿಲ್ಲದೆ ಸರಸರನೆ ಸುತ್ತಿ, ಕೊನೆಯ ತುದಿಯನ್ನು ಎಲ್ಲಿಯೋ ಸಿಕ್ಕಿಸಿಬಿಡುತ್ತಾರೆ. ಸಂಜೆಯವರೆಗೆ ಅಲುಗುವುದಿಲ್ಲ. ಸಂತೆಯಲ್ಲಿ ಕಾಳು ಕಟ್ಟಿಕೊಳ್ಳಲು ಅದೇ, ಹೊರೆ ಹೊರುವಾಗ ಸಿಂಬಿಯೂ ಅದೇ, ಗುಡಿಯ ಕಟ್ಟೆಯ ಮೇಲೆ ಮಧ್ಯಾಹ್ನ ಅಡ್ಡಾದರೆ ತಲೆದಿಂಬೂ ಅದೇ. ತಮ್ಮ ಪೇಟದಿಂದ ಇಂಥದೇನೂ ಆಗದು. ಸನ್ಮಾನಿತರ ಮನೆಗಳಲ್ಲಿ ಅದು ಷೋಕೇಸಿನ ಮೇಲಿನ ಖಾನೆಯಲ್ಲಿ ಕೂತಿರುತ್ತದೆ, ಇಲ್ಲವೇ ಮೊಮ್ಮಕ್ಕಳ ಶಾಲೆಯ ವೇಷಭೂಷಣ ಸ್ಪರ್ಧೆಗೆ ಹೋಗಿ ಬರುತ್ತದೆ. ಎರಡನೆಯದು ಪರವಾಗಿಲ್ಲ, ಅಲ್ಲಾದರೂ ಬಹುಮಾನ ಬರುವುದುಂಟು.

ಒಬ್ಬರ ತಲೆಯ ಮೇಲೆ ಏನಿರಬೇಕೆಂದು ಇನ್ನೊಬ್ಬರು ತೀರ್ಮಾನಿಸುವುದು ತಮ್ಮಿಂದಲೇ ಶುರುವಾದದ್ದಲ್ಲ. ಮದರಾಸಿನಲ್ಲಿ ಕಂಪನಿ ಸರ್ಕಾರದ ಸೇನಾಧಿಪತಿಗಳು ತಮಗಿಂತ ಎರಡು ಶತಮಾನ ಮುಂಚೆಯೇ ಇದನ್ನು ಕೈಗೆತ್ತಿಕೊಂಡಿದ್ದರು. ಕವಾಯತಿಗೆ ಬರುವ ಸಿಪಾಯಿ ಹಣೆಗೆ ನಾಮ, ವಿಭೂತಿ ಹಚ್ಚಕೂಡದು, ಕಿವಿಗೆ ಓಲೆ ಕೂಡದು, ಗಡ್ಡ ಬೋಳಿಸಬೇಕು, ತನ್ನ ಹಳೆಯ ಮುಂಡಾಸು ಬಿಟ್ಟು ಹ್ಯಾಟಿನಂತೆ ಕಾಣುವ, ಚರ್ಮದ ತುರಾಯಿಯುಳ್ಳ ಹೊಸ ಮಾದರಿಯದನ್ನು ಧರಿಸಬೇಕು ಎಂದು ಅಪ್ಪಣೆಯಾಯಿತು. ಚರ್ಮ ಯಾವ ಪ್ರಾಣಿಯದು ಎಂಬ ಅನುಮಾನ ಹಿಂದೂಗಳಿಗೂ ಮುಸಲ್ಮಾನರಿಗೂ ಒಟ್ಟಿಗೇ ಹುಟ್ಟಿತು. ಇವತ್ತು ಹ್ಯಾಟು, ನಾಳೆ ಕಿರಿಸ್ತಾನ ಎಂಬ ಮಾತು ಹಬ್ಬಿತು. ಒಲ್ಲೆವೆಂದವರಿಗೆ ಛಡಿಯೇಟು ಬಿತ್ತು. ವೆಲ್ಲೂರಿನ ಕೋಟೆಯಲ್ಲಿ ಆಗ ಟಿಪ್ಪುವಿನ ಮಕ್ಕಳನ್ನು ಇರಿಸಿದ್ದರು. 1806ರ ಜುಲೈ 10ರ ನಸುಕಿನಲ್ಲಿ ಸಿಪಾಯಿಗಳು ಎದ್ದರು. ಕೋಟೆಯ ಮೇಲೆ ಮೈಸೂರಿನ ಹುಲಿಪಟ್ಟೆಯ ಬಾವುಟ ಏರಿತು. ಆರ್ಕಾಟಿನಿಂದ ಕುದುರೆ ದಂಡು ಬಂದು ಅದೇ ದಿನ ಎಲ್ಲವನ್ನೂ ಹೊಸಕಿಹಾಕಿತು. ಎರಡೂ ಕಡೆ ಸೇರಿ ನೂರಾರು ಹೆಣ. ಆಮೇಲೆ ಅಪ್ಪಣೆ ವಾಪಸಾಯಿತು, ಗವರ್ನರ್ ಬೆಂಟಿಂಕ್ ಮತ್ತು ಸೇನಾಧಿಪತಿ ಕ್ರಾಡಕ್ ಇಬ್ಬರನ್ನೂ ಲಂಡನ್ನಿಗೆ ವಾಪಸ್ ಕರೆಸಿಕೊಂಡರು.

ಕಂಪನಿಯವರು ಒಂದು ಸೂಕ್ಷ್ಮ ಮರೆತರು, ತಾವು ಮರೆತಿಲ್ಲ. ಅವರು ಅಪ್ಪಣೆ ಮಾಡಿ ತೊಡಿಸಲು ಹೋದರು. ತಾವು ಕೈಗೆ ಮೈಕು ಹಿಡಿದು, ಗಣ್ಯರನ್ನು ಅಕ್ಕಪಕ್ಕ ನಿಲ್ಲಿಸಿ, ಹಿನ್ನೆಲೆಗೆ ನಾದಸ್ವರ ಹಾಕಿ ತೊಡಿಸುತ್ತೀರಿ. ಹಾಗೆ ತೊಡಿಸಿದರೆ ಬೇಡ ಎನ್ನುವ ಧೈರ್ಯ ಯಾರಿಗಿದೆ? ದಂಗೆಯ ಮಾತಿರಲಿ, ಸನ್ಮಾನಿತರು ಕತ್ತನ್ನು ತಾವೇ ಬಗ್ಗಿಸಿಕೊಡುತ್ತಾರೆ.

ಬೇಡ ಎಂದವರೂ ಒಬ್ಬರಿದ್ದರೆನ್ನಿ, ಆದರೆ ಅವರ ಸಮಸ್ಯೆ ಉಲ್ಟಾ. 1893ರಲ್ಲಿ ಡರ್ಬಾನಿನ ನ್ಯಾಯಾಲಯಕ್ಕೆ ಹೋದ ಹೊಸ ಬ್ಯಾರಿಸ್ಟರ್ ಗಾಂಧಿಗೆ ಮ್ಯಾಜಿಸ್ಟ್ರೇಟರು ಮುಂಡಾಸು ತೆಗೆಯುವಂತೆ ಹೇಳಿದರು. ಇಂಗ್ಲಿಷರಿಗೆ ಹ್ಯಾಟು ತೆಗೆಯುವುದೇ ಮರ್ಯಾದೆ. ನಮ್ಮವರಿಗೆ ತಲೆ ಮುಚ್ಚಿಕೊಂಡಿರುವುದು ಮರ್ಯಾದೆ. ಗಾಂಧಿ ಒಪ್ಪದೆ ಎದ್ದು ಹೊರಬಂದರು, ಪತ್ರಿಕೆಗಳಿಗೆ ಬರೆದರು, ದೊಡ್ಡ ಚರ್ಚೆಯಾಯಿತು. ಇಷ್ಟನ್ನು ನಮ್ಮ ಭಾಷಣಕಾರರೆಲ್ಲ ಹೇಳುತ್ತಾರೆ. ಮುಂದಿನ ವರ್ಷ ನಟಾಲಿನ ಸುಪ್ರೀಂ ಕೋರ್ಟಿನಲ್ಲಿ ವಕೀಲರಾಗಿ ಪ್ರಮಾಣ ಮಾಡಿದಾಗ ಮುಖ್ಯ ನ್ಯಾಯಾಧೀಶರು ಅದನ್ನೇ ಹೇಳಿದರು, ಆಗ ಗಾಂಧಿ ತೆಗೆದರು. ಇದನ್ನು ಯಾರೂ ಹೇಳುವುದಿಲ್ಲ, ಆತ್ಮಕಥೆಯಲ್ಲಿ ಅವರೇ ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದರೂ. ಇನ್ನು ಅವರ ಹೆಸರಿನ ಬಿಳಿ ಟೋಪಿಯನ್ನು ಅವರು ತೊಟ್ಟದ್ದು ಸ್ವಲ್ಪ ಕಾಲ. 1921ರಲ್ಲಿ ತುಂಡುಪಂಚೆಗೆ ಇಳಿದಾಗ ಅದನ್ನೂ ಬಿಟ್ಟರು. ಬಿಟ್ಟ ಟೋಪಿಯನ್ನು ದೇಶ ಹಿಡಿದುಕೊಂಡಿತು. ನಮ್ಮ ನಿಜಲಿಂಗಪ್ಪನವರು, ಬಿ.ಡಿ. ಜತ್ತಿಯವರು ಕೊನೆಯವರೆಗೆ ಅದನ್ನು ಇಟ್ಟುಕೊಂಡರು. ಅವರ ನಂತರದವರ ತಲೆಯಿಂದ ಅದು ಯಾವಾಗ ಜಾರಿತೆಂದು ಯಾರೂ ಗಮನಿಸಿದಂತಿಲ್ಲ. ಈಗಲೂ ಉತ್ತರ ಕರ್ನಾಟಕದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಅಜ್ಜಂದಿರ ತಲೆಯ ಮೇಲೆ ಅದು ಸಿಗುತ್ತದೆ, ಇಸ್ತ್ರಿಯಿಲ್ಲದೆ, ಯಾವ ಪಕ್ಷಕ್ಕೂ ಸೇರದೆ.

ಇಲ್ಲಿಯವರೆಗೆ ದೊಡ್ಡವರ ಮಾತಾಯಿತು. ತಮ್ಮ ಅಭಿನಂದನಾ ಗ್ರಂಥಗಳಲ್ಲಿ ಎಂದೂ ಅಚ್ಚಾಗದ ಒಂದು ಟೋಪಿಯ ವಿಷಯಕ್ಕೆ ಬರುತ್ತೇನೆ. ಕರಾವಳಿ, ಮಲೆನಾಡಿನಲ್ಲಿ ಅಡಿಕೆ ಮರದಿಂದ ಕಳಚಿ ಬೀಳುವ ಹಾಳೆ ಇದೆಯಲ್ಲ, ಅದನ್ನು ನೀರಿನಲ್ಲಿ ನೆನೆಹಾಕಿ ಮೆತ್ತಗೆ ಮಾಡಿ, ಮಡಚಿ, ಹೊಲಿದು ಟೋಪಿ ಮಾಡುತ್ತಾರೆ. ತುಳುನಾಡಿನಲ್ಲಿ ಮುಟ್ಟಾಳೆ, ಘಟ್ಟದ ಮೇಲೆ ಹಾಳೆಟೋಪಿ. ಹೊಸತಿರುವಾಗ ತಿಳಿ ಹಳದಿ, ನಾಲ್ಕು ದಿನ ಬೆವರು ಕುಡಿದರೆ ಕಂದು. ತಲೆಯ ಆಕಾರಕ್ಕೆ ಅದು ತಾನೇ ಒಗ್ಗುತ್ತದೆ, ಇನ್ನೊಬ್ಬರ ತಲೆಗೆ ಸರಿಬರುವುದಿಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯಲು ಮರ ಹತ್ತಿದವನ ತಲೆಯ ಮೇಲಿನ ಟೋಪಿಯ ತುಂಬ ಮೈಲುತುತ್ತದ ನೀಲಿ ಚುಕ್ಕೆ. ತೆಂಗಿನಕಾಯಿ ಬುಟ್ಟಿ ಹೊತ್ತರೆ ಅದೇ ಮೆತ್ತೆ. ಇಷ್ಟೆಲ್ಲ ಉಪಯೋಗದ ಟೋಪಿಗೆ ಒಂದೇ ಒಂದು ಕಟ್ಟಳೆಯಿತ್ತು: ಧಣಿ ಎದುರಾದರೆ ಅದು ತಲೆಯಿಂದ ಕಂಕುಳಿಗೆ ಹೋಗಬೇಕು.

ಬಯಲುಸೀಮೆಯಲ್ಲೂ ಅಷ್ಟೆ. ಗೌಡರ ಜಗಲಿಯ ಮುಂದೆ ಹಾಯುವ ಆಳು ತಲೆಗೆ ಸುತ್ತಿದ ಟವೆಲನ್ನು ಬಿಚ್ಚಿ ಸೊಂಟಕ್ಕೆ ಕಟ್ಟಿಕೊಳ್ಳಬೇಕು, ಚಪ್ಪಲಿ ಕೈಗೆ ಬರಬೇಕು. ದೊರೆಯ ಮುಂದೆ ತಲೆ ಮುಚ್ಚದೆ ನಿಂತರೆ ಅಪರಾಧ, ಗೌಡರ ಮುಂದೆ ತಲೆ ಮುಚ್ಚಿ ನಿಂತರೆ ಅಪರಾಧ. ಎರಡೂ ಕಡೆ ಬಟ್ಟೆ ಹತ್ತಿಯದೇ ಇರಬಹುದು, ನೂಲಿನ ಎಣಿಕೆಯೂ ಒಂದೇ ಇರಬಹುದು. ಅದನ್ನು ಸುತ್ತಿಕೊಳ್ಳುವ ಹಕ್ಕು ಯಾರದು, ಬಿಚ್ಚಿಸುವ ಹಕ್ಕು ಯಾರದು ಎಂಬುದರಲ್ಲೇ ಊರಿನ ಸಂವಿಧಾನವೆಲ್ಲ ಇತ್ತು. ಬಿಸಿಲಿಗೆ ತಲೆ ಸುಡುತ್ತದೆಯೆಂಬ ವಾದ ಆ ಸಂವಿಧಾನದಲ್ಲಿ ನಡೆಯುತ್ತಿರಲಿಲ್ಲ. ನಮ್ಮೂರ ಕಡೆ ಹಳಬರು ಈಗಲೂ ಯಾರಾದರೂ ಕಾರಿನಿಂದ ಇಳಿದರೆ ಅರಿವಿಲ್ಲದೆ ಕೈಯನ್ನು ತಲೆಯ ಟವೆಲಿನ ಕಡೆ ಒಯ್ಯುತ್ತಾರೆ. ಇಳಿದವನು ಮೊಬೈಲ್ ಟವರಿನ ರಿಪೇರಿಗೆ ಬಂದ ಹುಡುಗನಾಗಿದ್ದರೂ ಸರಿ.

ಈ ಕಟ್ಟಳೆಯನ್ನು ಬದಲಾಯಿಸಿದ್ದು ಸನ್ಮಾನವಲ್ಲ, ಡಿಕ್ಲರೇಷನ್ ಫಾರಂ. 1974ರಲ್ಲಿ ಭೂಸುಧಾರಣೆ ತಿದ್ದುಪಡಿ ಕಾನೂನು ಜಾರಿಗೆ ಬಂದು, ಗೇಣಿದಾರರು ಅರ್ಜಿ ಹಾಕಿ, ಭೂನ್ಯಾಯಮಂಡಳಿಯ ಮುಂದೆ ಧಣಿಯ ಎದುರುಬದುರು ನಿಂತರು. ಗೇಣಿ ಕೊಡಬೇಕಾಗಿಲ್ಲ ಎಂದ ಮೇಲೆ ಮುಟ್ಟಾಳೆ ಕಂಕುಳಿಗೆ ಹೋಗಲು ಕಾರಣವೇ ಉಳಿಯಲಿಲ್ಲ. ಅದನ್ನು ತಂದ ಮುಖ್ಯಮಂತ್ರಿ ಅರಸು ಸಮುದಾಯದವರು, ಆದರೆ ನಾವು ಕಂಡ ದೇವರಾಜ ಅರಸರ ತಲೆಯ ಮೇಲೆ ಪೇಟವಿಲ್ಲ. ಬಾಯಲ್ಲಿ ಪೈಪು ಇತ್ತು, ಅಷ್ಟೆ. ಎಷ್ಟೋ ಸಾವಿರ ತಲೆಗಳ ಮೇಲೆ ಅವರವರದೇ ಟೋಪಿ ನಿಲ್ಲುವಂತೆ ಮಾಡಿದ ಈ ಕೆಲಸಕ್ಕೆ ವೇದಿಕೆ ಬೇಕಾಗಲಿಲ್ಲವೆಂಬುದು ತಮಗೆ ಬೇಸರ ತರಬಹುದು. ಸಮಾಧಾನಕ್ಕೆ ಹೇಳುತ್ತೇನೆ: ಈಗ ಮುಟ್ಟಾಳೆಯೂ ವೇದಿಕೆಗೆ ಬಂದಿದೆ. ಚುನಾವಣೆಯ ಹೊತ್ತಿಗೆ ಅತಿಥಿಗಳ ತಲೆಗೆ ಅದನ್ನಿಟ್ಟು ಫೋಟೊ ತೆಗೆಯುತ್ತಾರೆ. ಹೊಚ್ಚಹೊಸ ಹಾಳೆ, ಒಂದು ಹನಿ ಬೆವರಿಲ್ಲ.

ಪೇಟದ ಕತೆ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆದಿದೆ. ಸ್ವಾತಂತ್ರ್ಯ ಬಂದ ಮೇಲೆ ಅಧಿಕಾರಿಗಳು ಒಬ್ಬೊಬ್ಬರಾಗಿ ಪೇಟ ಕಳಚಿ ಕ್ರಾಪು ಬಾಚಿಕೊಂಡರು. ಕಳಚಿದ್ದು ಎಲ್ಲಿ ಹೋಯಿತು? ಬಾಗಿಲಿಗೆ. ಜಿಲ್ಲಾಧಿಕಾರಿಯ ಕೋಣೆಯ ಹೊರಗೆ ನಿಂತ ದಫೇದಾರರ ತಲೆಗೆ. ಇಂಡಿಯಾ ಕಾಫಿ ಹೌಸಿನಲ್ಲಿ ಕಾಫಿ ತಂದಿಡುವವರ ತಲೆಗೆ. ದೊಡ್ಡ ಹೋಟೆಲುಗಳಲ್ಲಿ ಕಾರಿನ ಬಾಗಿಲು ತೆಗೆದು ಸಲಾಂ ಹೊಡೆಯುವವರ ತಲೆಗೆ, ಅಲ್ಲಿ ಮೀಸೆಯೂ ಜೊತೆಗೆ ಕಡ್ಡಾಯ. ಒಳಗೆ ಕೂತ ಸಾಹೇಬರದು ಬರಿದಲೆ, ಹೊರಗೆ ನಿಂತವರದು ದಿವಾನರ ಉಡುಪು. ಪೊಲೀಸ್ ಪೇದೆಗಳ ವಿಷಯವಂತೂ ಸ್ವಾರಸ್ಯ. ಒಂದು ಪಕ್ಕ ಮೇಲಕ್ಕೆ ಮಡಚಿದ ಸ್ಲೋಚ್ ಹ್ಯಾಟನ್ನು ದಶಕಗಟ್ಟಲೆ ಅವರು ಹೊತ್ತರು. ಓಡುವಾಗ ಕಳ್ಳನನ್ನು ಹಿಡಿಯುವುದೋ ಹ್ಯಾಟು ಹಿಡಿಯುವುದೋ ಎಂಬ ಸ್ಥಿತಿ. ಅಧಿಕಾರಿಗಳಿಗೆ ಮಾತ್ರ ಪೀಕ್ ಕ್ಯಾಪು. ಕೊನೆಗೆ 2025ರ ಅಕ್ಟೋಬರಿನಲ್ಲಿ ಪೇದೆಗಳಿಗೂ ಪೀಕ್ ಕ್ಯಾಪು ಬಂತು. ತಲೆ ಬಿಸಿಯಾಗುತ್ತದೆ, ಗಾಳಿಗೆ ಹಾರುತ್ತದೆ ಎಂಬಷ್ಟು ಸರಳ ಅಹವಾಲು ಮೇಲಿನ ಕಿವಿಗೆ ತಲುಪಲು ಎಷ್ಟು ಕಾಲ ಬೇಕಾಯಿತು ನೋಡಿ.

ಸರ್ಕಾರ ತಮ್ಮ ಮೇಲೂ ಒಮ್ಮೆ ಕಣ್ಣು ಹಾಕಿತ್ತು. 2021ರ ಆಗಸ್ಟಿನಲ್ಲಿ, ಸರ್ಕಾರಿ ಸಮಾರಂಭಗಳಲ್ಲಿ ಹಾರ, ಹೂಗುಚ್ಛ, ಶಾಲು, ನೆನಪಿನ ಕಾಣಿಕೆ ಕೊಡಬೇಡಿ, ಬೇಕಿದ್ದರೆ ಕನ್ನಡ ಪುಸ್ತಕ ಕೊಡಿ ಎಂದು ಸುತ್ತೋಲೆ ಹೊರಟಿತು. ಅನೇಕ ಕಡೆ ಅದನ್ನು ಶಿರಸಾ ವಹಿಸಿದರು: ಹಾರ, ಶಾಲು, ಪೇಟ ಎಲ್ಲದರ ಜೊತೆಗೆ ಒಂದು ಪುಸ್ತಕವನ್ನೂ ಕೊಟ್ಟರು. ಸನ್ಮಾನದಲ್ಲಿ ಬಂದದ್ದನ್ನು ದಾಟಿಸಿಬಿಟ್ಟವರೂ ಇದ್ದರು. 1970ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲಿ ನಾಗರಿಕರು ಡಿ.ವಿ.ಜಿ.ಯವರಿಗೆ ಒಂದು ಲಕ್ಷ ರೂಪಾಯಿ ಒಪ್ಪಿಸಿದಾಗ ಅವರು ಅದನ್ನು ಹಾಗೆಯೇ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಕೊಟ್ಟುಬಿಟ್ಟರು. ಹಣವಾದರೆ ಹೀಗೆ ದಾಟಿಸಬಹುದು. ರಟ್ಟಿನ ಪೇಟವನ್ನು ಯಾವ ಸಂಸ್ಥೆಗೆ ಕೊಡೋಣ, ಅವರಲ್ಲಿ ಆಗಲೇ ಹತ್ತಿವೆ.

ಮಹಿಳೆಯರ ವಿಷಯದಲ್ಲಿ ತಮ್ಮ ಸಮಾನತೆಯನ್ನು ಮೆಚ್ಚಲೇಬೇಕು. ಅರಮನೆ ಎಂದೂ ಹೆಂಗಸರಿಗೆ ಕೊಡದ ಪೇಟ ಅವರಿಗೀಗ ಸಿಕ್ಕಿದೆ. ತುರುಬಿನ ಮಲ್ಲಿಗೆಯ ಮೇಲೆ ಅದನ್ನು ಎಲ್ಲಿ ಕೂರಿಸುವುದೆಂದು ಸಚಿವರು ತಡವರಿಸುವಾಗ, ಹಿರಿಯ ಸೂಲಗಿತ್ತಿಯೊಬ್ಬರು ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡು ನಿಂತದ್ದನ್ನು ನೋಡಿದ್ದೇನೆ, ಹಸುಗೂಸನ್ನು ಹಿಡಿದ ಹಾಗೆ. ಅವರ ಮುಖದಲ್ಲಿ ಇನ್ನು ಇದನ್ನೇನು ಮಾಡಲಿ ಎಂಬ ಪ್ರಶ್ನೆ ಇತ್ತು. ನಿರೂಪಕರು ಅಷ್ಟರಲ್ಲಿ ಮುಂದಿನ ಹೆಸರು ಕರೆದಿದ್ದರು.

ಈಗ ನನ್ನ ಬೇಡಿಕೆಗಳು. ಸನ್ಮಾನಿತರು ಬಹಳ ಮಂದಿಯಿದ್ದು ಬಜೆಟ್ಟು ಕಡಿಮೆಯಿದ್ದಾಗ ಒಂದೇ ಪೇಟ ತಲೆಯಿಂದ ತಲೆಗೆ ದಾಟುವ ಪದ್ಧತಿ ನನಗೆ ಗೊತ್ತು. ಒಬ್ಬರ ಫೋಟೊ ಆದ ತಕ್ಷಣ ಹಿಂದಿನಿಂದ ಒಂದು ಕೈ ಬಂದು ಅದನ್ನು ಎತ್ತಿಕೊಳ್ಳುತ್ತದೆ. ಅದಕ್ಕೆ ನನ್ನ ಆಕ್ಷೇಪವಿಲ್ಲ, ದಿವಾನಗಿರಿಯೂ ಹಾಗೇ ದಾಟುತ್ತಿತ್ತು. ಆದರೆ ತಲೆಗೆ ಹರಳೆಣ್ಣೆ ಹಚ್ಚಿಕೊಂಡು ಬರುವವರನ್ನು ದಯವಿಟ್ಟು ನನ್ನ ನಂತರ ಕರೆಯಿರಿ.

ಕೊನೆಯದಾಗಿ ಒಂದು ಸ್ಪಷ್ಟೀಕರಣ ಬೇಕು. ಸಮಾರಂಭ ಮಧ್ಯಾಹ್ನ ಹನ್ನೆರಡಕ್ಕೆ, ಬಯಲಿನಲ್ಲಿ. ಶಾಮಿಯಾನದ ನೆರಳು ವೇದಿಕೆಗೆ ಮಾತ್ರ, ನಮ್ಮ ಸಾಲಿಗಿಲ್ಲ ಎಂದು ವಿಚಾರಿಸಿ ತಿಳಿದೆ. ಹಾಗಾಗಿ ನಾನು ಹಾಳೆಟೋಪಿ ಹಾಕಿಕೊಂಡೇ ಬರುತ್ತೇನೆ. ವೇದಿಕೆಯ ಮೇಲೆ ಅದನ್ನು ತೆಗೆಯಿರಿ ಎನ್ನುತ್ತೀರೋ, ಅದರ ಮೇಲೆಯೇ ಪೇಟ ಕೂರಿಸುತ್ತೀರೋ? ತೆಗೆಯಿರಿ ಎನ್ನುವುದಾದರೆ ಮ್ಯಾಜಿಸ್ಟ್ರೇಟರ ಧಾಟಿಯಲ್ಲೋ ಧಣಿಯ ಧಾಟಿಯಲ್ಲೋ ಎಂಬುದನ್ನೂ ಮರುಟಪಾಲಿನಲ್ಲಿ ತಿಳಿಸುವುದು. ಮೊದಲನೆಯದಾದರೆ ಎದ್ದು ಹೊರಟುಬಿಡುತ್ತೇನೆ. ಎರಡನೆಯದಾದರೆ ಫಾರಂ ಭರ್ತಿ ಮಾಡಿ ತರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಸನ್ಮಾನಿತರ ಪಟ್ಟಿಯಲ್ಲಿ 'ಮತ್ತು ಇತರರು' ಎಂದಿರುವಲ್ಲಿ ಇರುವವನು